ಹೊಳೆ ಇಳಿದ ಮೇಲಿನ ಓಣಿ

ನೆರೆ ಇಳಿದ ಓಣಿಗೆ ಕಾಲಿಟ್ಟವರ ಕಣ್ಣು ನೆಲ ಬಿಟ್ಟು ಏಳುವುದಿಲ್ಲ. ಎಲ್ಲಿ ಜಾರೀತೋ, ರಾಡಿಯೊಳಗೆ ಎಲ್ಲಿ ಗಾಜಿದೆಯೋ, ಎಲ್ಲಿ ಮೊಳೆಯಿದೆಯೋ ಎಂಬ ಅಂಜಿಕೆ. ಒಂದು ಗಳಿಗೆ ನಿಂತು ತಲೆ ಎತ್ತಿದರೆ ಎರಡೂ ಬದಿಯ ಗೋಡೆಗಳ ಮೇಲೆ ಒಂದೇ ಮಟ್ಟದ ಗೆರೆ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಇಳಿದ ಮೇಲೆ ಗೋಕಾಕದ ಕುಂಬಾರ ಗಲ್ಲಿ, ದನದ ಪೇಟೆಯಂಥ ತಗ್ಗಿನ ಓಣಿಗಳಲ್ಲಿ ಮನೆಮನೆಗೂ ಈ ಗೆರೆ ಮೂಡಿತ್ತು. ಗೆರೆಯ ಮೇಲೆ ಸುಣ್ಣ ಬಣ್ಣ ಹಾಗೇ ಉಳಿದಿರುತ್ತದೆ. ಕೆಳಗೆ ಎಲ್ಲ ಮನೆಗಳದೂ ಒಂದೇ ಬಣ್ಣ, ಮಣ್ಣಿನದು.

ಜಲವಿಜ್ಞಾನಿಗೆ ಈ ಗೆರೆ ದೊಡ್ಡ ದಾಖಲೆ. ಆದರೆ ಅದನ್ನು ಓದುವುದಕ್ಕೂ ಒಂದು ಕ್ರಮವಿದೆ. ಹೊರಗೋಡೆಯ ಗೆರೆಯನ್ನು ಪೂರ್ತಿ ನಂಬುವಂತಿಲ್ಲ, ಅಲೆ ಬಡಿದು ಅದು ಅಲ್ಲಲ್ಲಿ ಮೇಲೆ ಕೆಳಗೆ ಆಗಿರುತ್ತದೆ. ಹೊಳೆಗೆ ಎದೆಕೊಟ್ಟು ನಿಂತ ಗೋಡೆಯಲ್ಲಂತೂ ಗೆರೆ ನಿಜವಾದ ಮಟ್ಟಕ್ಕಿಂತ ಎತ್ತರದಲ್ಲಿರುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುವ ನೀರು ಅಡ್ಡ ಸಿಕ್ಕಿದ್ದಕ್ಕೆ ಬಡಿದಾಗ ಸುಮಾರು 45 ಸೆಂಟಿಮೀಟರ್ ಮೇಲೇರಬಲ್ಲದು. ಓಡುತ್ತಿದ್ದ ನೀರಿನ ಚಲನಶಕ್ತಿಯೆಲ್ಲ ಎತ್ತರವಾಗಿ ಬದಲಾಗುವುದರಿಂದ ಹಾಗೆ. ಸರಿಯಾದ ಗೆರೆ ಬೇಕೆಂದರೆ ಮನೆಯೊಳಗೆ ಹೋಗಬೇಕು. ನಡುಮನೆಯ ಗೋಡೆಯಲ್ಲಿ, ಅಲೆ ತಲುಪದ ಮೂಲೆಯಲ್ಲಿ, ಜೋಳದ ಹೊಟ್ಟು, ಹುಲ್ಲಿನ ಬೀಜ, ನೊರೆಯ ಕಲೆ ಸಣ್ಣ ಪಟ್ಟಿಯಾಗಿ ಅಂಟಿರುತ್ತದೆ. ಅದು ಬೆರಳಗಲವೂ ಇರುವುದಿಲ್ಲ. ಕೆಲವು ಮನೆಗಳಲ್ಲಿ ಅದರ ಕೆಳಗೆ ಇನ್ನೂ ಎರಡು ಮೂರು ತೆಳು ಗೆರೆಗಳು ಕಾಣುತ್ತವೆ. ಇಳಿಯುವಾಗ ನೀರು ಎಲ್ಲೆಲ್ಲಿ ಕೆಲವು ತಾಸು ನಿಂತಿತ್ತೋ ಅಲ್ಲಲ್ಲಿ ಒಂದೊಂದು.

ಓಣಿಯ ಮೇಲ್ತುದಿಯಿಂದ ಕೆಳತುದಿಯವರೆಗೆ ಇಂಥ ಹತ್ತಾರು ಗೆರೆಗಳ ಎತ್ತರ ಅಳೆದರೆ ನೆರೆಯ ದಿನ ಹೊಳೆಯ ಮೈ ಎಷ್ಟು ಇಳಿಜಾರಾಗಿತ್ತು ಎಂದು ತಿಳಿಯುತ್ತದೆ. ಇಳಿಜಾರು, ಹರಿವಿನ ಅಡ್ಡಕೊಯ್ತದ ಅಳತೆ, ದಡದ ಒರಟುತನ ಇವಿಷ್ಟು ಗೊತ್ತಾದರೆ ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದಿಂದ ಎಷ್ಟು ಕ್ಯೂಸೆಕ್ ನೀರು ಹರಿದಿತ್ತೆಂದು ಲೆಕ್ಕ ಹಾಕಬಹುದು. ನೀರಳೆಯುವ ಕಂಬವೇ ಕೊಚ್ಚಿಹೋಗಿದ್ದರೂ ಈ ಲೆಕ್ಕ ನಡೆಯುತ್ತದೆ. ಜಗತ್ತಿನ ಎಷ್ಟೋ ದೊಡ್ಡ ಪ್ರವಾಹಗಳ ಅಳತೆ ಸಿಕ್ಕಿದ್ದು ಹೀಗೆಯೇ, ನೀರು ಹೋದ ಮೇಲೆ, ಗೋಡೆಗಳಿಂದ. ತೊಂದರೆಯೆಂದರೆ ಈ ದಾಖಲೆಗೆ ಆಯಸ್ಸು ಕಡಿಮೆ. 2019ರಲ್ಲಿ ಗಣೇಶ ಚೌತಿ ಸೆಪ್ಟೆಂಬರ್ 2ಕ್ಕೇ ಬಂತು. ಹಬ್ಬಕ್ಕೆ ಮನೆ ತೊಳೆಯದೆ ಇರುತ್ತಾರೆಯೇ?

ಈ ನೆರೆಯ ನೀರಿನಲ್ಲಿ ಗೋಕಾಕದ ಮೇಲೆ ಬಿದ್ದ ಮಳೆಯ ಪಾಲು ತೀರ ಸಣ್ಣದು. ಘಟಪ್ರಭಾ ಹುಟ್ಟುವುದು ಸಹ್ಯಾದ್ರಿಯಲ್ಲಿ. ಕೃಷ್ಣೆಯನ್ನು ಸೇರುವ ಹೊತ್ತಿಗೆ ಅದರ ಉದ್ದ 283 ಕಿಲೋಮೀಟರ್. ಅದಕ್ಕೆ ಸೇರುವ ಹಿರಣ್ಯಕೇಶಿ ಮಹಾರಾಷ್ಟ್ರದ ಅಂಬೋಲಿಯಿಂದ ಬರುತ್ತದೆ. ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ, ಗೋಕಾಕದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಬೆಳಗಾವಿಯ ಕಡೆಯಿಂದ ಮಾರ್ಕಂಡೇಯ ಬಂದು ಗೋಕಾಕದ ಹತ್ತಿರವೇ ಕೂಡಿಕೊಳ್ಳುತ್ತದೆ. ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಧುಮುಕಿ, ಕಲ್ಲಿನ ಕಮರಿಯಿಂದ ಹೊರಬಿದ್ದ ನೀರಿಗೆ ಮೈಚಾಚಲು ಮೊದಲು ಸಿಗುವ ಬಯಲಿನಲ್ಲೇ ಊರಿದೆ. ಮೂರು ಕಡೆಯ ನೀರು ಒಂದೇ ಹೊತ್ತಿಗೆ ಬಂದರೆ ಮುಖ್ಯ ಹೊಳೆ ಉಪನದಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಉಪನದಿ ಹಿಂದಕ್ಕೆ ಒತ್ತಿಕೊಳ್ಳುತ್ತದೆ. ಊರ ಗಟಾರಗಳದೂ ಇದೇ ಪಾಡು. ಹೊಳೆ ದಂಡೆ ದಾಟುವ ಮುಂಚೆಯೇ ಗಟಾರದ ನೀರು ಉಲ್ಟಾ ಹರಿದು ಓಣಿಯ ನಡುವೆ ಉಕ್ಕುತ್ತದೆ. ‘ಹೊಳಿ ಇನ್ನೂ ದೂರ ಐತಿ’ ಎಂದು ಕೂತವರ ಬೆನ್ನ ಹಿಂದೆ ಬರುವ ನೀರು ಇದು.

ನೆರೆ ಎಂದಾಗ ಗೋಕಾಕಕ್ಕಿಂತ ಮೇಲೆ ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟೆಯ ಮಾತು ಬಂದೇ ಬರುತ್ತದೆ. ಅದರ ಸಾಮರ್ಥ್ಯ 51 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಆಗುತ್ತದೆ. ಅಂದರೆ ಪೂರ್ತಿ ಬರಿದಾದ ಅಣೆಕಟ್ಟೆ ಕೂಡ ಆ ರಭಸಕ್ಕೆ ಆರು ದಿನದಲ್ಲಿ ಭರ್ತಿ. ಅರ್ಧ ತುಂಬಿದ್ದರೆ ಮೂರೇ ದಿನ. 2019ರ ಮೇ ತಿಂಗಳಲ್ಲಿ ಇದೇ ಬೆಳಗಾವಿ ಜಿಲ್ಲೆಯ ಅಥಣಿ, ಚಿಕ್ಕೋಡಿ ಕಡೆ ಕೃಷ್ಣೆ ಬತ್ತಿ, ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಡಿಸಿರೆಂದು ಜನ ಬೀದಿಗಿಳಿದಿದ್ದರು. ಜೂನ್‌ನಲ್ಲಿ ದೇಶದ ಮಳೆ ಮೂರನೇ ಒಂದು ಪಾಲು ಕೊರತೆಯಾಗಿತ್ತು. ಅಂಥ ವರ್ಷ ಸಿಕ್ಕ ನೀರನ್ನು ಹಿಡಿದಿಡಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಗೇಟು ಯಾವಾಗ ಎತ್ತಬೇಕಿತ್ತು ಎಂಬ ವಾದ ಇನ್ನೂ ನಡೆಯಲಿ, ನಡೆಯಬೇಕು ಕೂಡ. ಆದರೆ ಅಣೆಕಟ್ಟೆಯ ಕೆಳಗೆ ಬಂದು ಸೇರುವ ನೀರಿಗೆ ಆ ಗೇಟು ಅಡ್ಡವಾಗುವುದಿಲ್ಲ ಎಂಬುದನ್ನೂ ವಾದಿಸುವವರು ನೆನಪಿಟ್ಟಿರಲಿ.

ಈಗ ಕಾಲಡಿಯ ರಾಡಿ ನೋಡೋಣ. ಹೊಳೆಯ ಪಕ್ಕದ ಓಣಿಯಲ್ಲಿ ಅದು ಮರಳು ಮರಳು. ನಾಲ್ಕು ಮನೆ ಒಳಗೆ ಹೋದರೆ ನುಣುಪು. ಮನೆಯೊಳಗಿನ ದೇವರ ಕೋಣೆಯಲ್ಲಿ, ಅಡಕಲ ಗಡಿಗೆಯ ಬಾಯಲ್ಲಿ ಕೂತದ್ದಂತೂ ಬೆರಳಿಗೆ ಹಿಡಿದರೆ ಕಾಳೇ ಸಿಗದಷ್ಟು ಸಣ್ಣದು. ನೀರು ಹೀಗೆ ಜರಡಿ ಹಿಡಿದದ್ದು ಹೇಗೆ? ಐರ್ಲೆಂಡಿನಲ್ಲಿ ಹುಟ್ಟಿದ ಜಾರ್ಜ್ ಸ್ಟೋಕ್ಸ್ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ನೀರಿನಲ್ಲಿ ಕಣ ಇಳಿಯುವ ವೇಗ ಅದರ ಅಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕಣ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆ. ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟಿರುವ ಸಣ್ಣ ಮರಳು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. ಒಂದು ಮಿಲಿಮೀಟರಿನ ಸಾವಿರದ ಒಂದರಷ್ಟಿರುವ ಜೇಡಿ ಕಣ ಅಷ್ಟೇ ದೂರ ಇಳಿಯಲು ಸುಮಾರು ಹದಿಮೂರು ದಿನ ಬೇಕು. ಜೇಡಿ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುವುದರಿಂದ ವಾಸ್ತವದಲ್ಲಿ ಇನ್ನೂ ಬೇಗ ತಳ ಕಾಣುತ್ತವೆ, ಆದರೂ ಮರಳಿನ ಜೊತೆ ಅವಕ್ಕೆ ಹೋಲಿಕೆಯೇ ಇಲ್ಲ. ಆದ್ದರಿಂದ ಮರಳು ದಂಡೆಯಲ್ಲೇ ಉಳಿಯಿತು. ನೀರು ಎಲ್ಲಿ ಅಲ್ಲಾಡದೆ ನಿಂತಿತೋ, ಅಂದರೆ ಬಾಗಿಲು ಹಾಕಿದ ಕೋಣೆಗಳಲ್ಲಿ, ಅಲ್ಲಿ ಜೇಡಿ ಇಳಿಯಿತು.

ಈ ಎರಡರ ಮೂಲವೂ ಬೇರೆ ಬೇರೆ. ಗೋಕಾಕ ಫಾಲ್ಸ್‌ನ ಬಂಡೆ ಮರಳುಗಲ್ಲು, ಸವೆದರೆ ಮರಳಾಗುತ್ತದೆ. ಮೇಲಿನ ಸೀಮೆಯ ಎರೆಭೂಮಿ ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ ಗಟ್ಟಿಯಾಗಿ, ಕರಗಿ, ಪುಡಿಯಾಗಿ ಆದದ್ದು. ಹೊಳೆಗಳು ಸಾವಿರಾರು ವರ್ಷ ಹೀಗೆ ತಂದು ಹಾಸಿದ ಜೇಡಿಯೇ ಕುಂಬಾರರ ಕಸುಬಿಗೆ ಆಧಾರ. ಅವರ ಓಣಿಗಳು ನದಿಯ ತಗ್ಗಿನಲ್ಲಿ ಇರುವುದಕ್ಕೆ ಕಾರಣವೂ ಅದೇ. ಎರಡು ಹೆಜ್ಜೆಯಲ್ಲಿ ಮಣ್ಣು, ನಾಲ್ಕು ಹೆಜ್ಜೆಯಲ್ಲಿ ನೀರು. ‘ಇಂಥಲ್ಲಿ ಯಾಕೆ ಮನೆ ಕಟ್ಟಿದಿರಿ’ ಎಂದು ಅವರನ್ನು ಕೇಳುವವರು ಈ ಲೆಕ್ಕವನ್ನು ಮರೆತಿರುತ್ತಾರೆ.

ರಾಡಿಯನ್ನು ಹಸಿ ಇರುವಾಗಲೇ ಬಳಿದು ಹಾಕಬೇಕು ಎಂದು ಹೊಳೆದಂಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ಮೊಣಕಾಲಿಗೆ ಇಳಿದ ಕೂಡಲೇ ಬರಲು, ಬುಟ್ಟಿ, ಸಲಿಕೆ ಹಿಡಿದು ನಿಂತಿರುತ್ತಾರೆ. ಇಳಿಯುವ ನೀರಿನ ಜೊತೆಗೇ ಅದನ್ನು ಕಲಕಿ ಹೊರಗೆ ಸಾಗಿಸಿದರೆ ಅರ್ಧ ಕೆಲಸ ಹೊಳೆಯೇ ಮಾಡುತ್ತದೆ. ಎರಡು ದಿನ ಬಿಟ್ಟರೆ ಜೇಡಿ ಒಣಗಿ ಕುಗ್ಗುತ್ತದೆ, ನೆಲದ ತುಂಬ ಬಿರುಕು ಬಿಟ್ಟು ಹೆಪ್ಪೆಹೆಪ್ಪೆಯಾಗಿ ಏಳುತ್ತದೆ. ಮೇಲ್ಪದರದಲ್ಲಿ ಕೊನೆಗೆ ಇಳಿದ ಅತಿ ಸಣ್ಣ ಕಣಗಳಿರುವುದರಿಂದ ಅದು ಕೆಳಪದರಕ್ಕಿಂತ ಹೆಚ್ಚು ಕುಗ್ಗುತ್ತದೆ, ಹಾಗಾಗಿ ಹೆಪ್ಪೆಗಳ ಅಂಚು ಮೇಲಕ್ಕೆ ಮಡಿಚಿಕೊಳ್ಳುತ್ತದೆ. ಅಷ್ಟರಲ್ಲಿ ಗೋಡೆಗೆ ಅಂಟಿದ್ದು ಗಿಲಾವಿನಷ್ಟೇ ಗಟ್ಟಿಯಾಗಿರುತ್ತದೆ.

ಸಾಮಾನುಗಳು ಎಲ್ಲಿದ್ದವೋ ಅಲ್ಲಿರುವುದಿಲ್ಲ. ಹಾಸಿಗೆ ಸುತ್ತಿ ಅಟ್ಟಕ್ಕೆ ಏರಿಸಿದ್ದೆಂದು ನೆನಪಿದ್ದರೆ ಅದು ಬಚ್ಚಲಲ್ಲಿ ಸಿಗಬಹುದು. ಫ್ರಿಜ್ ಬಾಗಿಲಿಗೆ ಅಡ್ಡಬಿದ್ದಿರುತ್ತದೆ. ಗ್ಯಾಸ್ ಸಿಲಿಂಡರ್ ಕಟ್ಟೆ ಹತ್ತಿ ಮೂಲೆಯಲ್ಲಿ ಕೂತಿರುತ್ತದೆ. ಅಷ್ಟು ಭಾರದ್ದು ತೇಲಿತು ಎಂದರೆ ನಂಬದವರೇ ಹೆಚ್ಚು. ಮನೆಬಳಕೆಯ ಸಿಲಿಂಡರಿನೊಳಗೆ ಸುಮಾರು 33 ಲೀಟರ್ ಜಾಗವಿದೆ, ಉಕ್ಕಿನ ಗಾತ್ರವೂ ಕೂಡಿದರೆ 35 ಲೀಟರಿನ ಆಸುಪಾಸು. ಮುಳುಗಿದರೆ ಅದು 35 ಕಿಲೋ ನೀರನ್ನು ಸರಿಸುತ್ತದೆ. ತುಂಬಿದ ಸಿಲಿಂಡರಿನ ತೂಕ ಅನಿಲದ 14.2 ಕಿಲೋ ಸೇರಿ 30 ಕಿಲೋ ಹತ್ತಿರ. ಆದ್ದರಿಂದ ತುಂಬಿದ್ದೂ ತೇಲುತ್ತದೆ, ಖಾಲಿಯಂತೂ ಕುಣಿಯುತ್ತದೆ. ಕುಣಿಯುವಾಗ ರೆಗ್ಯುಲೇಟರ್, ಪೈಪು ಜಗ್ಗಿ ಸಡಿಲವಾಗಿರಬಹುದು. ಹಾಗಾಗಿ ಮನೆಯೊಳಗೆ ಮೊದಲ ಹೆಜ್ಜೆ ಇಟ್ಟ ಕೂಡಲೇ ಕಡ್ಡಿ ಗೀರಬಾರದು, ಸ್ವಿಚ್ ಒತ್ತಲೂಬಾರದು. ಸ್ವಿಚ್ಚಿನ ಡಬ್ಬಿಯೊಳಗೆ ಒಣಗಿದಂತೆ ಕಾಣುವ ರಾಡಿಯಲ್ಲಿ ಇನ್ನೂ ತೇವವಿರುತ್ತದೆ, ತೇವದ ರಾಡಿ ವಿದ್ಯುತ್ತನ್ನು ಹಾಯಿಸುತ್ತದೆ.

ವಾಸನೆಯ ಬಗ್ಗೆ ಎರಡು ಮಾತು. ಮೇಲೆ ಕಂದಾಗಿ ಕಾಣುವ ರಾಡಿಯನ್ನು ಕೋಲಿನಿಂದ ಕೆದಕಿದರೆ ಒಳಗೆ ಕಪ್ಪು, ಕೊಳೆತ ತತ್ತಿಯ ನಾತ. ಗಾಳಿಯಲ್ಲಿ ಆಮ್ಲಜನಕ ಹರಡುವುದಕ್ಕಿಂತ ನೀರಿನಲ್ಲಿ ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ನೆನೆದ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನು ಬೇಗ ತಿಂದು ಮುಗಿಸುತ್ತವೆ, ಆಮೇಲೆ ನೈಟ್ರೇಟು, ಕಬ್ಬಿಣದ ಆಕ್ಸೈಡು, ಕೊನೆಗೆ ಸಲ್ಫೇಟಿಗೆ ಬಾಯಿ ಹಾಕುತ್ತವೆ. ಸಲ್ಫೇಟಿನಿಂದ ಬರುವುದು ಹೈಡ್ರೋಜನ್ ಸಲ್ಫೈಡ್. ಅದು ಕಬ್ಬಿಣದ ಜೊತೆ ಸೇರಿದಾಗ ಆ ಕಪ್ಪು. ರಾಡಿಯನ್ನು ತೆಳುವಾಗಿ ಹರಡಿ ಗಾಳಿಗೆ ಬಿಟ್ಟರೆ ನಾತ ಹೋಗುತ್ತದೆ. ನಾತದಿಂದಲೇ ರೋಗ ಹರಡುತ್ತದೆಂಬ ಭಯ ಬೇಡ. ಭಯ ಬೇಕಾದದ್ದು ಬೇರೆ ಕಡೆ: ನೆನೆದ ಜೋಳ, ಗೋವಿನಜೋಳ ತುಂಬಿದ ಹಗೇವು. ಹುದುಗುವ ಕಾಳು ಆಮ್ಲಜನಕವನ್ನು ನುಂಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರವಾದ ಅದು ಹಗೇವಿನ ತಳದಲ್ಲೇ ಕೂತಿರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಕಾಳು ಉಳಿಸಲು ಇಳಿದವರು, ಅವರನ್ನು ಎತ್ತಲು ಇಳಿದವರು ಒಬ್ಬರ ಹಿಂದೊಬ್ಬರು ಸಾಯುವುದು ಹೀಗೆ.

ಇಷ್ಟೆಲ್ಲ ಆದ ಮೇಲೂ ನಿಂತಿರುವ ಮನೆಗಳನ್ನು ನೋಡಿ ಓಣಿ ಉಸಿರು ಬಿಡುತ್ತದೆ. ‘ನೀರ ಇಳದೈತಿ, ಮನಿ ನಿಂತೈತಿ, ಇನ್ನೇನ್ ಅಂಜಿಕಿ ಬಿಡ್ರಿ ಕಾಕಾ.’ ಇಲ್ಲಿ ಅಂಜಬೇಕು. ಕಲ್ಲು ಮಣ್ಣಿನ ಮನೆಗಳ ಮಟ್ಟಿಗೆ ಹೊಳೆ ಏರುವ ದಿನಕ್ಕಿಂತ ಇಳಿದ ನಂತರದ ದಿನಗಳು ಕೆಟ್ಟವು. ಉತ್ತರ ಕರ್ನಾಟಕದಲ್ಲಿ ಪ್ರತಿ ನೆರೆಯ ನಂತರವೂ ಮನೆಗಳು ಬಿಸಿಲು ಬಿದ್ದ ಮೇಲೆ ಕುಸಿಯುತ್ತವೆ. ಅದನ್ನು ದೈವಕ್ಕೆ ಬಿಡಬೇಕಿಲ್ಲ, ಕಾರಣ ಸ್ಪಷ್ಟವಿದೆ.

ಮೊದಲನೆಯದಾಗಿ ಮಣ್ಣಿಗೆ ಗಟ್ಟಿತನ ಎಲ್ಲಿಂದ ಬರುತ್ತದೆ ನೋಡಿ. ಮಕ್ಕಳು ಹದವಾದ ಹಸಿ ಮರಳಿನಲ್ಲಿ ಕಾಲು ಹುಗಿದು ಗುಬ್ಬಿಗೂಡು ಕಟ್ಟುತ್ತಾರೆ. ಅದು ನಿಲ್ಲುವುದು ಕಣಗಳ ನಡುವಿನ ತೆಳು ನೀರಿನ ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುವುದರಿಂದ. ಬೊಗಸೆ ನೀರು ಹೆಚ್ಚು ಸುರಿದರೆ ಪೊರೆಯೇ ಇಲ್ಲವಾಗಿ ಗೂಡು ಕುಸಿಯುತ್ತದೆ. ಮಣ್ಣಿನ ಗೋಡೆಯಲ್ಲಿ, ಕಲ್ಲುಗಳ ನಡುವೆ ತುಂಬಿದ ಮಣ್ಣಿನಲ್ಲಿ ನಡೆಯುವುದೂ ಇದೇ. ಆ ಎಳೆತ ಜೇಡಿಯಲ್ಲಿ ಇನ್ನೂ ಬಲವಾದದ್ದು, ಅದಕ್ಕೇ ನೂರು ವರ್ಷದ ಮಣ್ಣಿನ ಗೋಡೆಗೆ ಮೊಳೆ ಹೊಡೆಯುವುದೂ ಕಷ್ಟ. ಆದರೆ ಒಳಗಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದ ದಿನ ಆ ಬಲ ಹೋಗುತ್ತದೆ.

ಹಾಗಾದರೆ ನೀರಿನಲ್ಲಿ ಮುಳುಗಿದ್ದಾಗಲೇ ಯಾಕೆ ಬೀಳಲಿಲ್ಲ? ಆಗ ಅದನ್ನು ನೀರೇ ಹಿಡಿದಿತ್ತು. ಮುಳುಗಿದ ಕಲ್ಲಿನ ಮೂರನೇ ಒಂದಕ್ಕಿಂತ ಹೆಚ್ಚು ಭಾರವನ್ನು ನೀರು ಹೊತ್ತುಕೊಂಡಿರುತ್ತದೆ. ಒಳಗೂ ಹೊರಗೂ ಒಂದೇ ಮಟ್ಟವಿದ್ದರೆ ಎರಡು ಬದಿಯ ಒತ್ತಡವೂ ಸಮ. ಹೊಳೆ ಸರಸರ ಇಳಿದಾಗ ಈ ಎರಡೂ ಆಧಾರ ಒಟ್ಟಿಗೆ ಹೋಗುತ್ತವೆ. ಕಲ್ಲಿಗೆ ತನ್ನ ಪೂರ್ತಿ ಭಾರ ಮರಳಿ ಬರುತ್ತದೆ, ಕೆಳಗಿನ ಮಣ್ಣು ಮಾತ್ರ ಇನ್ನೂ ಮೆತ್ತಗೇ ಇರುತ್ತದೆ. ಬಾಗಿಲ ಹಲಗೆ ಉಬ್ಬಿ, ಹೊಸ್ತಿಲಿಗೆ ರಾಡಿ ಕಟ್ಟಿಕೊಂಡು ಕೋಣೆಯ ನೀರು ಹೊರಗೆ ಹೋಗದಿದ್ದರೆ ಅದು ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಒಂದು ಮೀಟರ್ ಆಳದ ನೀರು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಹಾಕುವ ಬಲ ಸುಮಾರು 500 ಕಿಲೋ ಭಾರದಷ್ಟು. ಎರಡು ಮೀಟರ್ ಆಳವಾದರೆ ಅದು ಇಮ್ಮಡಿಯಲ್ಲ, ನಾಲ್ಕು ಪಟ್ಟು, 2 ಟನ್. ಹೊಳೆಯ ದಂಡೆಗಳು ನೆರೆ ಇಳಿಯುವಾಗ ಕುಸಿಯುವುದಕ್ಕೂ, ಮಣ್ಣಿನ ಅಣೆಕಟ್ಟೆಯ ನೀರನ್ನು ಒಮ್ಮೆಲೇ ಖಾಲಿ ಮಾಡಬಾರದೆಂಬ ನಿಯಮಕ್ಕೂ ಇದೇ ಭೌತಶಾಸ್ತ್ರ ಕಾರಣ. ಪೇಟೆಯ ಅಂಗಡಿಗಳ ನೆಲಮಾಳಿಗೆಗೆ ಪಂಪು ಹಚ್ಚುವವರಿಗೂ ಇದು ಅನ್ವಯ: ಹೊರಗಿನ ಮಣ್ಣು ನೆನೆದಿರುವಾಗ ಒಳಗಿನ ನೀರನ್ನು ಒಂದೇ ದಿನ ಪೂರ್ತಿ ಎತ್ತಿದರೆ ಗೋಡೆ ಒಳಕ್ಕೆ ಬರುತ್ತದೆ. ದಿನಕ್ಕಿಷ್ಟು ಎಂದು ಇಳಿಸಬೇಕು.

ಇದರ ಮೇಲೆ ಮಾಳಿಗೆ. ತೊಲೆ, ಜಂತಿ, ಹಲಗೆ ಹಾಕಿ ಮೇಲೆ ಒಂದಡಿ ಮಣ್ಣು ಹೊದಿಸಿದ ಮಾಳಿಗೆ ಬೇಸಿಗೆಯಲ್ಲಿ ತಂಪು, ಸೆಕೆಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಒಣಗಿದ್ದಾಗಲೇ ಅದು ಚದರ ಮೀಟರಿಗೆ ಅರ್ಧ ಟನ್ ಹತ್ತಿರ ತೂಗುತ್ತದೆ. ವಾರಗಟ್ಟಲೆ ಮಳೆ ಕುಡಿದರೆ ಇನ್ನೂ ನೂರು ಕಿಲೋ ಕೂಡಿಕೊಳ್ಳಬಹುದು. ಕೆಳಗಿನ ಗೋಡೆ ಅತಿ ದುರ್ಬಲವಾದ ದಿನವೇ ಮೇಲಿನ ಭಾರ ಅತಿ ಹೆಚ್ಚು.

ತಳಪಾಯ ಎರೆಮಣ್ಣಿನಲ್ಲಿದ್ದರೆ ಇನ್ನೂ ಒಂದು ಕಂತು ಬಾಕಿ ಇರುತ್ತದೆ. ಎರೆಮಣ್ಣಿನ ಜೇಡಿ ಖನಿಜ ತೆಳು ಪದರಗಳ ಅಟ್ಟಿ, ಪದರಗಳ ನಡುವೆ ನೀರು ನುಗ್ಗಿದರೆ ಉಬ್ಬುತ್ತದೆ, ಹೋದರೆ ಕುಗ್ಗುತ್ತದೆ. ಎರೆಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಾಯಿ ಬಿಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಮನೆಯ ಬಿಸಿಲಿನ ಬದಿಯ ಮಣ್ಣು ಮೊದಲು ಒಣಗುತ್ತದೆ, ನೆರಳಿನ ಬದಿಯದು ತಡವಾಗಿ. ಒಂದು ಮೂಲೆ ಇಳಿದು ಇನ್ನೊಂದು ನಿಂತೇ ಇದ್ದರೆ ಗೋಡೆ ಓರೆಯಾಗಿ ಸೀಳುತ್ತದೆ, ಸಾಮಾನ್ಯವಾಗಿ ಕಿಟಕಿ ಬಾಗಿಲಿನ ಮೂಲೆಯಿಂದ ಶುರುವಾಗಿ. ನೆರೆ ಹೋಗಿ ತಿಂಗಳಾದ ಮೇಲೆ, ನೆಲ ಪೂರ್ತಿ ಒಣಗಿದೆ ಎಂದುಕೊಂಡ ಹೊತ್ತಿಗೆ ಈ ಬಿರುಕು ಕಾಣಿಸಿಕೊಳ್ಳಬಹುದು.

ಈ ಕಾಲಗತಿಯನ್ನು ಸರ್ಕಾರಿ ಕಾಗದದ ಪಕ್ಕದಲ್ಲಿಟ್ಟು ನೋಡಬೇಕು. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ಮನೆಗಳನ್ನು ಮೂರು ವರ್ಗ ಮಾಡಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ‘ಎ’, ಶೇ 25ರಿಂದ 75 ‘ಬಿ’, ಶೇ 15ರಿಂದ 25 ‘ಸಿ’. ‘ಎ’ ಮನೆಗೆ 5 ಲಕ್ಷ ರೂಪಾಯಿ, ‘ಸಿ’ ಮನೆಗೆ 50 ಸಾವಿರ. ಪರಿಹಾರದ ಮೊತ್ತ ಹಿಂದಿನ ನೆರೆಗಳಿಗೆ ಹೋಲಿಸಿದರೆ ದೊಡ್ಡದೇ, ಅದನ್ನು ಒಪ್ಪಬೇಕು. ತಪ್ಪಿರುವುದು ಅಳೆಯುವ ರೀತಿಯಲ್ಲಿ. ನೀರು ಇಳಿದ ವಾರದಲ್ಲಿ ಬಂದು ಗೋಡೆ ನೋಡಿದರೆ ಕಣ್ಣಿಗೆ ಬೀಳುವುದು ಆ ದಿನದ ಹಾನಿ ಮಾತ್ರ. ಗೋಡೆಯೊಳಗಿನ ನೀರು ಕಣ್ಣಿಗೆ ಬೀಳುವುದಿಲ್ಲ. ಆ ದಿನ ‘ಸಿ’ ಆಗಿದ್ದ ಮನೆ ಮುಂದಿನ ತಿಂಗಳು ‘ಎ’ ಆಗಬಹುದು. ಆಗ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯಬೇಕು, ‘ಬೇಕಂತಲೇ ಕೆಡವಿದ್ದೀರಿ’ ಎಂಬ ಮಾತನ್ನೂ ಕೇಳಬೇಕು. ಬೇಕಂತ ಕೆಡವುವವರು ಇಲ್ಲವೆಂದಲ್ಲ. ಆದರೆ ಮಣ್ಣಿನ ಮನೆಯ ಹಾನಿಯನ್ನು ಒಂದೇ ಸಲ ನೋಡಿ ಶೇಕಡಾವಾರು ಬರೆಯುವ ಪದ್ಧತಿ ವೈಜ್ಞಾನಿಕವಲ್ಲ.

ಬಿರುಕು ಜೀವಂತವಾಗಿದೆಯೋ ಇಲ್ಲವೋ ಎಂದು ತಿಳಿಯಲು ಎಂಜಿನಿಯರುಗಳದೇ ಹಳೆಯ ಉಪಾಯವಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆಯುವುದು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಇದಕ್ಕೆ ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು. ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಸಿಕ್ಕಿಕೊಂಡರೆ, ಜಂತಿಯ ಸಂದಿಯಿಂದ ಮಣ್ಣು ಉದುರುತ್ತಿದ್ದರೆ, ಗೋಡೆಯ ಹೊಟ್ಟೆ ಉಬ್ಬಿದ್ದರೆ ಗಾಜಿಗೂ ಕಾಯಬಾರದು.

ಇಟ್ಟಿಗೆ ಸಿಮೆಂಟಿನ ಮನೆಗಳಿಗೆ ಇಷ್ಟು ಅಪಾಯವಿಲ್ಲ, ಅವುಗಳ ರೋಗ ನಿಧಾನದ್ದು. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರು ಗೆರೆಗಿಂತಲೂ ಮೇಲೇರುತ್ತದೆ, ಮಣ್ಣಿನ ಲವಣಗಳನ್ನೂ ಹೊತ್ತೊಯ್ಯುತ್ತದೆ. ಗೋಡೆ ಒಣಗುವಾಗ ನೀರು ಹಾರಿ ಉಪ್ಪು ಮೇಲ್ಮೈಯಲ್ಲಿ ಬಿಳಿಯಾಗಿ ಹರಳುಗಟ್ಟುತ್ತದೆ, ಗಿಲಾವನ್ನು ಒಳಗಿನಿಂದ ಪುಡಿ ಮಾಡುತ್ತದೆ. ಹಬ್ಬ ಬಂತೆಂದು ಅದರ ಮೇಲೆ ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ದಪ್ಪ ಗೋಡೆ ಆರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಬರೀ ಸುಣ್ಣ ಸಾಕು. ಅದು ಗೋಡೆಯ ಉಸಿರು ಕಟ್ಟುವುದಿಲ್ಲ, ಬೂಷ್ಟು ಬೆಳೆಯಲೂ ಬಿಡುವುದಿಲ್ಲ.

ಬಾವಿಯ ನೀರಿನ ಲೆಕ್ಕ ಸರಳ. ಕಲಕು ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದರೆ ಕ್ಲೋರಿನ್ ಕೊಳೆಯ ಮೇಲೇ ಖರ್ಚಾಗಿಹೋಗುತ್ತದೆ, ಆದ್ದರಿಂದ ಮೊದಲು ರಾಡಿ ನೀರನ್ನು ಎತ್ತಿ ಹಾಕಿ ತಿಳಿಯಾಗಲು ಬಿಡಬೇಕು. ಆಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ, ಅರ್ಧ ಗಂಟೆ ಕಾಯುವುದು. ಪುಡಿಯ ಡಬ್ಬಿ ತೆರೆದಿಟ್ಟು ಹಳೆಯದಾಗಿದ್ದರೆ ಅದರಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಇಲಿ ಜ್ವರದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಬಾಯಿಯಿಂದಲೇ ಬರಬೇಕೆಂದಿಲ್ಲ, ಬರಿಗಾಲಿನ ಸಣ್ಣ ಗಾಯ ಸಾಕು. ಜ್ವರ ಕಾಣಿಸುವುದು ಹೆಚ್ಚಾಗಿ ಒಂದೆರಡು ವಾರದ ನಂತರ, ಅಷ್ಟರಲ್ಲಿ ರಾಡಿ ಬಳಿದದ್ದನ್ನು ರೋಗಿಯೂ ಮರೆತಿರುತ್ತಾನೆ, ವೈದ್ಯರೂ ಕೇಳುವುದಿಲ್ಲ. ಮೈಕೈ ನೋವಿನ ಜ್ವರ ಬಂದರೆ ‘ನೆರೆಯ ನೀರಿನಲ್ಲಿ ಕೆಲಸ ಮಾಡಿದ್ದೆ’ ಎಂದು ನಾವಾಗಿಯೇ ಹೇಳಬೇಕು.

ಗೋಕಾಕಕ್ಕೆ 2021ರ ಜುಲೈನಲ್ಲಿ ಹೊಳೆ ಮತ್ತೆ ಬಂತು, ಘಟಪ್ರಭೆಯ ಮೇಲಿನ ಲೋಳಸೂರ ಸೇತುವೆ ಮತ್ತೆ ಮುಳುಗಿತು. 2024ರ ಜುಲೈನಲ್ಲಿ ಇನ್ನೊಮ್ಮೆ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂಬ ಮಾತನ್ನು ನಂಬಿ ಯಾರಾದರೂ ಇನ್ನು ನೂರು ವರ್ಷ ನಿಶ್ಚಿಂತೆ ಎಂದುಕೊಂಡಿದ್ದರೆ ಅದು ಆ ಮಾತಿನ ತಪ್ಪು ಓದು. ಅದರ ಅರ್ಥ, ಅಷ್ಟು ದೊಡ್ಡ ನೆರೆ ಯಾವುದೇ ಒಂದು ವರ್ಷ ಬರುವ ಸಾಧ್ಯತೆ ಶೇ 1 ಎಂದಷ್ಟೇ. ಹೋದ ವರ್ಷ ಬಂದಿತ್ತೆಂದು ಈ ವರ್ಷದ ಸಾಧ್ಯತೆ ಕಡಿಮೆಯಾಗುವುದಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳುವವರು ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ 26, ಎಪ್ಪತ್ತು ವರ್ಷಕ್ಕೆ ಅರ್ಧಕ್ಕರ್ಧ. ಇನ್ನೂ ದೊಡ್ಡ ತೊಡಕೆಂದರೆ ಆ ಶೇ 1 ಎಂಬುದು ಹಿಂದಿನ ದಶಕಗಳ ಮಳೆಯ ಲೆಕ್ಕದಿಂದ ಬಂದದ್ದು. ಬಿಸಿಯೇರುತ್ತಿರುವ ಸಮುದ್ರ, ಅದರಿಂದ ಹೆಚ್ಚು ಆವಿ ಹೊರುವ ಗಾಳಿ ಆ ಲೆಕ್ಕವನ್ನು ಬದಲಾಯಿಸುತ್ತಿವೆ. ಸರಾಸರಿ ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು.

ಹೊಳೆದಂಡೆಯ ಓಣಿಯ ಓದುಗರೇ, ಮುಂದಿನ ಸಲ ಗೋಡೆ ತೊಳೆಯುವ ಮುಂಚೆ ಗೆರೆಗೆ ಒಂದು ಗುರುತು ಹಾಕಿ, ತಾರೀಖು ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಶಾಲೆ, ಗುಡಿ, ಮಸೀದಿಯ ಗೋಡೆಯ ಮೇಲಾದರೆ ಇನ್ನೂ ಒಳ್ಳೆಯದು, ಅಲ್ಲಿ ಅಳಿಸುವವರಿಲ್ಲ. ಸರ್ವೆಗೆ ಬಂದವರಿಗೆ ಅದನ್ನು ತೋರಿಸಿ, ಮಣ್ಣಿನ ಮನೆಗಳನ್ನು ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕೆಂದು ಗ್ರಾಮಸಭೆಯಲ್ಲಿ, ನಗರಸಭೆಯಲ್ಲಿ ಬರವಣಿಗೆಯಲ್ಲಿ ಕೇಳಿ. ಅದಕ್ಕಿಂತ ಮುಂಚೆ ಒಂದು ಕೆಲಸ: ನೀರಿನಲ್ಲಿ ನಿಂತು ಎದ್ದ ಮಣ್ಣಿನ ಗೋಡೆಯ ಮನೆ ಎಷ್ಟೇ ಗಟ್ಟಿಯಾಗಿ ಕಂಡರೂ, ಗೋಡೆ ಆರುವ ತನಕ ಮಕ್ಕಳನ್ನು, ಮುದುಕರನ್ನು ರಾತ್ರಿ ಅದರೊಳಗೆ ಮಲಗಿಸಬೇಡಿ.